ಹಾಸಿಗೆ ಬಿಟ್ಟ ಬೆನ್ನಪ್ಪ

ಬೆಳಗಿನ ಒಂಬತ್ತೂವರೆ. ಹಾಸಿಗೆ ಕಾರ್ಖಾನೆಯಲ್ಲಿ ಹತ್ತು ಜನ ನಿಂತು ಕೆಲಸ ಮಾಡುತ್ತಿದ್ದರು, ಒಬ್ಬ ಮಾತ್ರ ಮಲಗಿ ಕೆಲಸ ಮಾಡುತ್ತಿದ್ದ.

ಮಲಗಿದ್ದವನಿಗೆ ಐವತ್ತೊಂದು ವರ್ಷ. ಕೈಗಳು ಎದೆಯ ಮೇಲೆ, ಹೆಬ್ಬೆರಳುಗಳು ಚಾವಣಿಯ ಕಡೆಗೆ, ಕಣ್ಣು ಮುಚ್ಚಿದೆ. ಬಲಗೈ ಬೆರಳುಗಳ ನಡುವೆ ನೀಲಿ ಸೀಮೆಸುಣ್ಣದ ಚೂರು. ಅಂಗಾತ ಮೂರು ನಿಮಿಷ, ಎಡ ಮಗ್ಗುಲು ಎರಡು, ಬಲ ಮಗ್ಗುಲು ಎರಡು. ಏಳು ನಿಮಿಷ ಆದ ಮೇಲೆ ಎದ್ದು ಕೂತು, ಹಾಸಿಗೆಯಲ್ಲಿ ಎಲ್ಲಿ ಗಂಟು, ಎಲ್ಲಿ ಹಳ್ಳ ಎಂದು ಸೀಮೆಸುಣ್ಣದಿಂದ ಗುರುತು ಹಾಕುವುದು ಅವನ ಕೆಲಸ. ಗುರುತು ಬಿದ್ದ ಕಡೆ ಕೈ ತೂರಿಸಿ ಹತ್ತಿಯನ್ನು ಸರಿಮಾಡಿ, ಆಮೇಲೆ ಕೊನೆಯ ಅಂಚು ಹೊಲಿಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವನು ಮಲಗಿ ಏಳದ ಒಂದು ಹಾಸಿಗೆಯೂ ಆ ಬಾಗಿಲು ದಾಟಿರಲಿಲ್ಲ.

ಅವನು ಎದ್ದು ಕೂತ. ಸೀಮೆಸುಣ್ಣವನ್ನು ಜೇಬಿಗೆ ಹಾಕಿದ.

"ಬಹಳ ಚೆನ್ನಾಗಿದೆ" ಎಂದ.

ಅಂಚು ಹೊಲಿಯುವ ಹೆಂಗಸು ದಬ್ಬಣವನ್ನು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ದಬ್ಬಣದಕ್ಕ ಎನ್ನುತ್ತಿದ್ದರು. ಗೇಣುದ್ದದ ಆ ಸೂಜಿಗಿಂತ ಆಕೆಯ ನಾಲಿಗೆ ಒಂದಿಷ್ಟು ಉದ್ದ ಎಂಬುದೂ ಅದಕ್ಕೆ ಒಂದು ಕಾರಣ.

"ಇದು ಇವತ್ತಿನ ನಾಲ್ಕನೇ 'ಬಹಳ ಚೆನ್ನಾಗಿದೆ'. ಮೊದಲು ವರ್ಷಕ್ಕೆ ನಾಲ್ಕು ಹೇಳಿದ್ರೆ ಹೆಚ್ಚು. ಏನಣ್ಣ, ಮೈ ಹುಷಾರಿಲ್ವಾ?"

"ಚೆನ್ನಾಗಿದ್ರೆ ಚೆನ್ನಾಗಿದೆ ಅನ್ಬಾರ್ದಾ?"

"ಅನ್ನಬಹುದು. ಆದ್ರೆ ಇದಕ್ಕೆ ನಾನಿನ್ನೂ ಎಡಗಡೆಗೆ ಹತ್ತೀನೇ ತುಂಬಿಲ್ಲ."

ಅವನು ಕೈಯಿಂದ ಒತ್ತಿ ನೋಡಿದ. ಹಾಸಿಗೆಯ ಎಡಭಾಗ ಬರೀ ಎರಡು ಪದರ ಬಟ್ಟೆ. ಅದರ ಮೇಲೆ ಅವನು ಈಗಷ್ಟೇ ಎರಡು ನಿಮಿಷ ಸುಖವಾಗಿ ಮಲಗಿ ಎದ್ದಿದ್ದ.

ಅವನ ಹೆಸರು ಬೆನ್ನಪ್ಪ ಅಲ್ಲ. ಅವನ ಬೆನ್ನಿಗೆ ಊರಿನಲ್ಲಿ ಇದ್ದ ಹೆಸರೇ ಅವನಿಗೂ ಅಂಟಿಕೊಂಡಿತ್ತು. ಮೂಟೆಗಟ್ಟಲೆ ಹತ್ತಿಯಲ್ಲಿ ಒಂದೇ ಒಂದು ಬೀಜ ಉಳಿದಿದ್ದರೂ ಆ ಬೆನ್ನು ಕಂಡುಹಿಡಿಯುತ್ತಿತ್ತು. ಒಮ್ಮೆ ಮಲಗಿದ ಕೂಡಲೇ ಎದ್ದು, "ಇದರ ಒಳಗೆ ಗುಂಡಿ ಇದೆ, ಅದಕ್ಕೆ ಎರಡೇ ತೂತು" ಎಂದಿದ್ದನಂತೆ. ಬಿಚ್ಚಿದರೆ ಗುಂಡಿ ಸಿಕ್ಕಿತು, ತೂತು ನಾಲ್ಕಿದ್ದವು. ಆ ಒಂದು ತಪ್ಪಿಗಾಗಿ ಅವನು ಒಂದು ವಾರ ಬೇಜಾರಿನಲ್ಲಿದ್ದ. ಸಾಹುಕಾರರು, ಅಂದರೆ ಕಾರ್ಖಾನೆಯ ಮಾಲೀಕರು, ಗಿರಾಕಿಗಳ ಎದುರಿಗೆ ಅವನನ್ನು ತಿರುಗಿಸಿ ನಿಲ್ಲಿಸಿ, "ನಮ್ಮ ಹಾಸಿಗೆಗೆ ಇದೇ ಗ್ಯಾರಂಟಿ" ಎಂದು ಬೆನ್ನು ತಟ್ಟಿ ತೋರಿಸುತ್ತಿದ್ದರು. ಅವನ ಮುಖ ಹೇಗಿದೆ ಎಂದು ಕೇಳಿದರೆ ಎಷ್ಟೋ ಹಳೆಯ ಗಿರಾಕಿಗಳಿಗೆ ಗೊತ್ತಿರಲಿಲ್ಲ.

ಅಂಥ ಬೆನ್ನನ್ನು ಸಾಕಲು ಸಾಹುಕಾರರು ಹಿಂದೆಮುಂದೆ ನೋಡುತ್ತಿರಲಿಲ್ಲ. ಕಾರ್ಖಾನೆಯ ಮಹಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ ಹಾಸಿಗೆ ನೋಡುವವನಿಗೆ ಎಂದೇ ಮೀಸಲು. ವರ್ಷಕ್ಕೊಂದು ಹೊಸ ಹಾಸಿಗೆ ಮನೆಗೆ. ಮೆತ್ತನೆಯದನ್ನೇ ಕಂಡ ಬೆನ್ನು ಮಾತ್ರ ಒರಟನ್ನು ಗುರುತಿಸುತ್ತದೆ ಎಂಬುದು ಸಾಹುಕಾರರ ಸಿದ್ಧಾಂತ. ಹೀಗಾಗಿ ಆ ಎರಡು ಕೋಣೆಗಳಲ್ಲಿ ಮಂಚದ ಮೇಲೆ ಎರಡು ಹಾಸಿಗೆ, ಗೋಡೆಗೆ ಒರಗಿಸಿ ಎರಡು, ಒಳಕೋಣೆಯಲ್ಲಿ ಇನ್ನೊಂದು, ಕೈ ಇಟ್ಟರೆ ಮೊಣಕೈವರೆಗೆ ಹೂತುಹೋಗುವ ಸೋಫಾ, ಒಂದು ಆರಾಮಕುರ್ಚಿ, ಹನ್ನೊಂದು ದಿಂಬು. ಆ ಮನೆಯಲ್ಲಿ ಗಟ್ಟಿ ಅಂತ ಇದ್ದದ್ದು ಅತ್ತೆಯ ಮಾತು ಒಂದೇ.

ಅತ್ತೆ ಎಂದರೆ ಹೆಂಡತಿಯ ತಾಯಿ. ಎಪ್ಪತ್ತು ದಾಟಿದೆ, ಹದಿನೈದು ವರ್ಷಗಳಿಂದ ಮಗಳ ಜೊತೆಗೇ ಇದ್ದಾರೆ. ಅವರಿಗೆ ಕುಡಿಯುವ ನೀರು ಒರಟು, ಕಿಟಕಿಯ ಗಾಳಿ ದಪ್ಪ, ನೆಂಟರ ಮನೆಯ ಕುರ್ಚಿ ಮುಳ್ಳು. ಮದುವೆಮನೆಗೆ ಹೋಗಿ ಬಂದರೆ ಮದುಮಗಳ ಸುದ್ದಿ ಹೇಳುವುದಕ್ಕೆ ಮೊದಲು ಅಲ್ಲಿನ ಬೆಂಚಿನ ಸುದ್ದಿ ಹೇಳುತ್ತಿದ್ದರು. "ನಮ್ಮಮ್ಮನಿಗೆ ಸ್ವರ್ಗ ಸಿಕ್ಕಿದ್ರೂ ಮೊದಲು ಅಲ್ಲಿ ಕೂತು ಅಲ್ಲಾಡಿಸಿ ನೋಡ್ತಾಳೆ" ಎಂದು ಬೆನ್ನಪ್ಪನ ಹೆಂಡತಿಯೇ ಹೇಳುವುದಿತ್ತು.

ಇಷ್ಟೆಲ್ಲ ಮೆತ್ತಗಿದ್ದ ಸಂಸಾರ ಗಟ್ಟಿಯಾಗತೊಡಗಿದ್ದು ಎರಡು ವರ್ಷದ ಹಿಂದೆ, ಬೆನ್ನಪ್ಪನ ತಾಯಿ ತೀರಿಕೊಂಡಾಗ.

ತಾಯಿ ಬೀದಿಯ ಆ ತುದಿಯಲ್ಲಿ, ತಮ್ಮ ಒಂದೇ ಕೋಣೆಯ ಮನೆಯಲ್ಲಿ ಇದ್ದರು. ಮೂವತ್ತಾರು ವರ್ಷ ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ ಮಾಡಿದವರು. ಒಂದು ದಿನವೂ ಒಂದು ನಿಮಿಷ ಹಿಂದೆಮುಂದೆ ಆದವರಲ್ಲ. ಶಾಲೆಗೆ ಹೋಗುವ ಮೊದಲು, ಬೆಳಗಿನ ಐದಕ್ಕೆ, ಬೀದಿಯ ಕೊನೆಯ ಪ್ರಾರ್ಥನಾ ಮಂದಿರದಲ್ಲಿ ಎಡಗಡೆಯ ಮೂರನೇ ಕಂಬದ ಬುಡದಲ್ಲಿ ಕೂರುತ್ತಿದ್ದರು. ಕೆಲಸ ಬಿಟ್ಟ ಮೇಲೂ ಕೂರುವುದು ಬಿಡಲಿಲ್ಲ. ಅವರು ಕೂರುತ್ತಿದ್ದ ಕಲ್ಲು ಉಳಿದ ಕಲ್ಲುಗಳಿಗಿಂತ ಒಂದು ಬಣ್ಣ ತಿಳಿಯಾಗಿತ್ತು.

ಕೊನೆಯ ವಾರ ಮಗನನ್ನು ಹತ್ತಿರ ಕರೆದು ಅವರು ಕೇಳಿದ್ದು ಇಷ್ಟೇ: "ನನ್ನ ಜಾಗ ಖಾಲಿ ಬಿಡ್ಬೇಡ ಮಗಾ. ಪ್ರಾರ್ಥನೆ ಬಾಯಿಗೆ ಬರದಿದ್ರೂ ಚಿಂತೆ ಇಲ್ಲ, ಹೋಗಿ ಕೂತ್ಕೋ. ಬಾಯಿ ತಾನಾಗಿ ಕಲಿಯುತ್ತೆ."

"ಆಗ್ಲಿ ಅಮ್ಮ" ಎಂದ ಬೆನ್ನಪ್ಪ. ಹೇಳುವುದು ಸುಲಭವಾಗಿತ್ತು, ಏಕೆಂದರೆ ಆಗ ಮಧ್ಯಾಹ್ನ ಮೂರು ಗಂಟೆ, ಅವನು ಎಚ್ಚರವಾಗಿದ್ದ.

ಬೆಳಗಿನ ಐದು ಗಂಟೆ ಎಂಬುದು ಅವನು ಗಡಿಯಾರದ ಚಿತ್ರದಲ್ಲಿ ಮಾತ್ರ ನೋಡಿದ್ದ ಹೊತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಬೆನ್ನಪ್ಪನಿಗೆ ಚಿಂತೆ ಇದ್ದಾಗಲೂ ನಿದ್ದೆ, ಚಿಂತೆ ಮಾಡುತ್ತಿರುವಾಗಲೂ ನಿದ್ದೆ. ಮೊದಲ ತಿಂಗಳ ಮೂವತ್ತು ದಿನದಲ್ಲಿ ಅವನು ಮಂದಿರ ಮುಟ್ಟಿದ್ದು ಹನ್ನೊಂದು ದಿನ. ಅದರಲ್ಲಿ ಒಂದು ದಿನ, ಎಲ್ಲರೂ ಹತ್ತು ನಿಮಿಷ ಮೌನವಾಗಿ ಕೂರುವ ಹೊತ್ತಿನಲ್ಲಿ, ಮೂರನೇ ಕಂಬದ ಬುಡದಿಂದ ಗೊರಕೆ ಎದ್ದಿತು. ಕಲ್ಲಿನ ಹಜಾರ, ಸದ್ದು ಹನ್ನೆರಡು ಕಂಬವನ್ನೂ ಮಾತಾಡಿಸಿಕೊಂಡು ಬಂತು. ಮುದುಕರೆಲ್ಲ ನಕ್ಕರು. ಪ್ರಾರ್ಥನೆ ನಡೆಸುವ ಹಿರಿಯರು ಮಾತ್ರ ನಗಲಿಲ್ಲ. ಎಲ್ಲರೂ ಎದ್ದ ಮೇಲೆ ಅವನ ಹತ್ತಿರ ಬಂದರು.

"ನಿಮ್ಮಮ್ಮಾನೂ ಹೀಗೇ ಕಣ್ಣು ಮುಚ್ಚಿಕೊಂಡೇ ಕೂರ್ತಿದ್ರಪ್ಪ. ಆದ್ರೆ ಸದ್ದು ಬರ್ತಿರಲಿಲ್ಲ."

"ತಪ್ಪಾಯ್ತು ಅಜ್ಜ. ಏನ್ಮಾಡ್ಲಿ, ಎಷ್ಟು ಮಾಡಿದ್ರೂ ಎಚ್ಚರ ಆಗಲ್ಲ."

"ದೇವರ ಹತ್ರ ಬರೋಕೆ ನಿಂಗೆ ಏನು ಅಡ್ಡ ಇದೆ ಅಂತ ಮೊದಲು ನೋಡು. ಅಡ್ಡ ಇರೋದನ್ನ ಎತ್ತಿ ಪಕ್ಕಕ್ಕಿಡು. ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿನಲ್ಲಿ ಅಹಂಕಾರ, ಆಸೆ, ಸಿಟ್ಟು ಅಂತ ಹುಡುಕಿಕೊಂಡು ಕೂರುತ್ತಿದ್ದರು. ಬೆನ್ನಪ್ಪ ಕಸುಬಿನ ಮನುಷ್ಯ. ಮನೆಗೆ ಬಂದು ನೋಡಿದ. ಅಡ್ಡ ಇದ್ದದ್ದು ಆರು ಅಂಗುಲ ದಪ್ಪದ ಹಾಸಿಗೆ. ಎತ್ತಿ ಪಕ್ಕಕ್ಕಿಟ್ಟ.

ಮೊದಲು ಮೇಲಿನದು ಹೋಯಿತು. ಎರಡು ದಿನ ಬೇಗ ಎಚ್ಚರವಾಯಿತು, ಮೂರನೇ ದಿನ ಕೆಳಗಿನ ಹಾಸಿಗೆಯೇ ರೂಢಿಯಾಗಿ ಹೋಯಿತು. ಅದನ್ನೂ ತೆಗೆದ. ಗೋಡೆಗೆ ಒರಗಿಸಿದ್ದ ಎರಡು "ಬಾ ಬಾ" ಅನ್ನುತ್ತಿವೆ ಅನಿಸಿತು. ಅವನ್ನು ಕೆಳಗಿನ ಇಸ್ತ್ರಿಯವನಿಗೆ ಕೊಟ್ಟ. ಅಲ್ಲಿಯವರೆಗೆ ಏಳಕ್ಕೆ ಅಂಗಡಿ ತೆಗೆಯುತ್ತಿದ್ದ ಇಸ್ತ್ರಿಯವನು ಅದಾದ ಮೇಲೆ ಹತ್ತಕ್ಕೆ ತೆಗೆಯತೊಡಗಿದ, ಬೀದಿಯ ಅರ್ಧ ಜನ ಮುದುಡಿದ ಅಂಗಿಯಲ್ಲಿ ಕೆಲಸಕ್ಕೆ ಹೋಗುವಂತಾಯಿತು. ಒಂದು ಭಾನುವಾರ ಸಂಜೆ ಸೋಫಾದಲ್ಲಿ ಕೂತು ನಾಳೆಯ ಪ್ರಾರ್ಥನೆ ಬಾಯಿಪಾಠ ಮಾಡುತ್ತಿದ್ದವನು ಎದ್ದಾಗ ಸೋಮವಾರ ಬೆಳಗಾಗಿತ್ತು, ಸೋಫಾ ಹೋಯಿತು. ಆರಾಮಕುರ್ಚಿ ಹೋಯಿತು. ದಿಂಬುಗಳು ಒಂದೊಂದಾಗಿ, ಆ ವರ್ಷದ ಹೊಸ ಹಾಸಿಗೆ ಇಡಿಯಾಗಿ, ಬಂಧುಗಳ ಮನೆ ಸೇರಿದವು.

ಹೆಂಡತಿ ಮೊದಮೊದಲು ತಮಾಷೆ ಎಂದುಕೊಂಡಿದ್ದಳು.

"ರೀ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆಯೇ ಇಲ್ದೇ ಹೋದ್ರೆ ನಾನು ಕಾಲನ್ನ ಎಲ್ಲಿಡ್ಲಿ, ಅದನ್ನಾದ್ರೂ ಹೇಳಿ."

"ಚಾಪೆ ಇದೆಯಲ್ಲ."

"ಹಾಸಿಗೆ ಕಾರ್ಖಾನೆಯವನ ಹೆಂಡ್ತಿ ಚಾಪೆ ಮೇಲೆ ಮಲಗ್ತಾಳೆ ಅಂದ್ರೆ ಜನ ಏನಂತಾರೆ?"

"ನಿನಗೆ ಬೇಡಾಂದ್ರೆ ನೀನು ಹಾಸಿಗೆ ಇಟ್ಕೋ. ನನ್ನ ಕೈಗೆ ಸಿಗೋ ಹಾಗೆ ಮಾತ್ರ ಇಡ್ಬೇಡ."

ಕೊನೆಗೆ ಮನೆಯಲ್ಲಿ ಉಳಿದದ್ದು ಒಂದೇ ಹಾಸಿಗೆ, ಒಳಕೋಣೆಯಲ್ಲಿ ಅತ್ತೆಯದು. ಅಳಿಯ ಒಂದೊಂದೇ ಸಾಮಾನು ಹೊರಗೆ ಹೊತ್ತೊಯ್ಯುವುದನ್ನು ನೋಡುತ್ತಿದ್ದ ಅವರು, ಮುಂದಿನ ಸರದಿ ತಮ್ಮದೇ ಎಂದು ಖಾತ್ರಿ ಮಾಡಿಕೊಂಡು, ಹಗಲೆಲ್ಲ ಅದರ ಮೇಲೆಯೇ ಕಾವಲು ಕೂತರು. ಊಟವೂ ಅಲ್ಲೇ, ಜಪವೂ ಅಲ್ಲೇ.

"ಅಳಿಯಂದಿರೇ, ಮೊದಲು ನನ್ನನ್ನ ಎತ್ತಿ, ಆಮೇಲೆ ಇದನ್ನ ಎತ್ತಿ. ಮುಂಚೆನೇ ಹೇಳಿದೀನಿ."

"ನಿಮ್ಮದು ನನಗ್ಯಾಕೆ ಅತ್ತೆ? ನಿಮ್ಮ ಹಾಸಿಗೆ ನನ್ನ ಪ್ರಾರ್ಥನೆಗೆ ಅಡ್ಡ ಬರಲ್ಲ."

"ನನ್ನ ಹಾಸಿಗೆಗೆ ನಿಮ್ಮ ಪ್ರಾರ್ಥನೆ ಅಡ್ಡ ಬರದೆ ಇದ್ರೆ ಸಾಕು."

ಹೆಂಡತಿ ತಾಯಿಯ ಪಕ್ಕಕ್ಕೆ ಹೋಗಿ ಮಲಗತೊಡಗಿದಳು. ಬೆನ್ನಪ್ಪ ಹೊರಕೋಣೆಯಲ್ಲಿ, ಚಾಪೆಯೂ ಮೆತ್ತಗಾಯಿತೇನೋ ಎಂಬ ಸಂಶಯದಿಂದ ಅದನ್ನೂ ಸುತ್ತಿಟ್ಟು, ಬರೀ ನೆಲದ ಮೇಲೆ, ಮಡಚಿದ ಟವೆಲಿಗೆ ತಲೆ ಕೊಟ್ಟು ಮಲಗಿದ. ನಾಲ್ಕೂವರೆಗೆ ನೆಲವೇ ಅವನನ್ನು ಎಬ್ಬಿಸಿ ಕಳಿಸುತ್ತಿತ್ತು.

ಅಂದಿನಿಂದ ಇಪ್ಪತ್ತು ತಿಂಗಳು ಮೂರನೇ ಕಂಬದ ಬುಡ ಖಾಲಿ ಇರಲಿಲ್ಲ. ತಾಯಿ ಹೇಳಿದಂತೆ ಬಾಯಿ ತಾನಾಗಿ ಕಲಿಯಿತು. ಆಮೇಲೆ ಇನ್ನೊಂದೂ ಆಯಿತು, ಅದನ್ನು ತಾಯಿ ಹೇಳಿರಲಿಲ್ಲ. ಮಾತಿಗೆ ಕಟ್ಟುಬಿದ್ದು ಹೋಗುತ್ತಿದ್ದವನಿಗೆ ಆ ಹೊತ್ತೇ ಬೇಕಾಗತೊಡಗಿತು. ಕಿಟಕಿಯ ಗಾಜು ಕಪ್ಪಿನಿಂದ ಬೂದುಬಣ್ಣಕ್ಕೆ ತಿರುಗುವವರೆಗೆ ನಲವತ್ತು ಜನ ಸುಮ್ಮನೆ ಕೂತಿರುತ್ತಿದ್ದರು. ದಿನವೆಲ್ಲ ಬೇರೆಯವರ ಸುಖಕ್ಕಾಗಿ ಮಲಗಿರುವವನು ಅರ್ಧ ಗಂಟೆ ತನಗಾಗಿ ಎದ್ದು ಕೂರುತ್ತಿದ್ದ. ಅಲ್ಲಿ ಅವನಿಗೆ ಮುಖ ಇತ್ತು. ಬೆನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಆದರೆ ಇಪ್ಪತ್ತು ತಿಂಗಳು ನೆಲದ ಮೇಲೆ ಮಲಗಿದ ಬೆನ್ನಿಗೆ ಕಾರ್ಖಾನೆಯ ಯಾವ ಹಾಸಿಗೆಯಾದರೂ ಸ್ವರ್ಗವೇ. ಗಂಟು ಇದ್ದರೂ ಸ್ವರ್ಗ, ಹಳ್ಳ ಇದ್ದರೂ ಸ್ವರ್ಗ. ಇದು ಬೆನ್ನಪ್ಪನಿಗೆ ತಿಳಿಯಲಿಲ್ಲ. ಕಾರ್ಖಾನೆಯವರ ಕೈಚಳಕ ಸುಧಾರಿಸಿದೆ ಎಂದುಕೊಂಡಿದ್ದ. ದಬ್ಬಣದಕ್ಕನಿಗೆ ಒಂದೆರಡು ಸಲ ಶಹಬ್ಬಾಸ್ ಕೂಡ ಹೇಳಿದ್ದ.

ತಿಳಿದಿದ್ದದ್ದು ಅತ್ತೆಗೆ ಒಬ್ಬರಿಗೇ. ಐದು ತಿಂಗಳ ಹಿಂದೆ ಅವರನ್ನು ಹೇಗೋ ಒಪ್ಪಿಸಿ ಇಳಿಸಿ, ಅವರ ಹಾಸಿಗೆಯನ್ನು ಕೆಳಗೆ ಒಯ್ದು, ಹತ್ತಿ ಹಿಂಜಿಸಿ, ಹೊಸದಾಗಿ ತುಂಬಿಸಿ ತಂದಿದ್ದರು. ಅದರ ಮೇಲೆ ಏಳು ನಿಮಿಷ ಮಲಗಿ "ಬಹಳ ಚೆನ್ನಾಗಿದೆ" ಎಂದವನು ಬೆನ್ನಪ್ಪನೇ. ಮರುದಿನವೇ ಅತ್ತೆ ದೂರು ಕೊಟ್ಟರು: ಬಲ ಹೆಗಲಿನ ಕೆಳಗೆ ಏನೋ ಇದೆ.

"ಏನೂ ಇಲ್ಲ ಅತ್ತೆ. ನಾನೇ ನೋಡಿದೀನಿ."

"ನೀವು ನೋಡಿರಬಹುದು. ಮಲಗ್ತಿರೋಳು ನಾನು. ಕಡಲೆಕಾಳಿನಷ್ಟು ಇದೆ."

ವಾರಕ್ಕೊಮ್ಮೆ ಈ ಮಾತು ಆಗುತ್ತಿತ್ತು. ನೀರು, ಗಾಳಿ, ಬೆಂಚುಗಳ ಜೊತೆಗೆ ಇದೂ ಒಂದು ಎಂದು ಮನೆಯವರು ಬಿಟ್ಟುಬಿಟ್ಟಿದ್ದರು.

ಎಡಭಾಗದಲ್ಲಿ ಹತ್ತಿಯೇ ಇಲ್ಲದ ಹಾಸಿಗೆಯನ್ನು ಬೆನ್ನಪ್ಪ ಹೊಗಳಿದ ಅದೇ ದಿನ, ಹನ್ನೊಂದು ಗಂಟೆಗೆ, ಎರಡು ಬೀದಿ ಆಚೆಯ ಹಲ್ಲಿನ ಡಾಕ್ಟರು ಗಾಡಿಯಲ್ಲಿ ತಮ್ಮ ಹಾಸಿಗೆ ಹೇರಿಸಿಕೊಂಡು ಬಂದರು. ಕೊಂಡು ಮೂರು ವಾರವಾಗಿತ್ತು. ಒಂದು ಬದಿ ಅವರೇ ಕೊಯ್ದಿದ್ದರು. ಒಳಗಿನಿಂದ ಒಂದು ಅಡಿ ಉದ್ದದ ಮರದ ಅಡಿಕೋಲನ್ನು ತೆಗೆದು ಸಾಹುಕಾರರ ಮೇಜಿನ ಮೇಲಿಟ್ಟರು.

"ಅಯ್ಯೋ, ನಂದು!" ಎಂದಳು ದಬ್ಬಣದಕ್ಕ. "ಇದಕ್ಕೆ ನಾನು ಯಾರ್ಯಾರನ್ನೋ ಬೈದಿದ್ನಲ್ಲಪ್ಪ!" ಕಾರ್ಖಾನೆಯಲ್ಲಿ ಬೈಸಿಕೊಂಡಿದ್ದ ಮೂವರು ಒಟ್ಟಿಗೇ ಅವಳ ಕಡೆ ನೋಡಿದರು.

"ಮೂರು ವಾರ ಸ್ವಾಮಿ" ಎಂದರು ಡಾಕ್ಟರು. ತಣ್ಣಗೆ ಮಾತಾಡುವ ಮನುಷ್ಯ. "ನನ್ನ ಹೆಂಡ್ತಿ ಮೊಣಕೈ ಅಂತ ನಾನು, ನನ್ನ ಮೊಣಕೈ ಅಂತ ಅವಳು. ದಿನಾ ಬೆಳಗ್ಗೆ ಜಗಳ. ಕೊನೆಗೆ ಅವಳು ತವರಿಗೆ ಹೋದ್ಲು. ಅವಳು ಹೋದ ಮೇಲೂ ಮೊಣಕೈ ಅಲ್ಲೇ ಇತ್ತು. ಆಗ ಅನುಮಾನ ಬಂತು."

ಸಾಹುಕಾರರು ಡಾಕ್ಟರನ್ನು ಹೊಸ ಹಾಸಿಗೆ ಕೊಟ್ಟು, ತವರಿಗೆ ಹೇಳಿಕಳಿಸಲು ಕ್ಷಮಾಪಣೆಯನ್ನೂ ಕೊಟ್ಟು ಸಾಗಹಾಕಿದರು. ಆಮೇಲೆ ಅಡಿಕೋಲನ್ನು ಎತ್ತಿಕೊಂಡರು.

"ಯಾರು ನೋಡಿದ ಹಾಸಿಗೆ ಇದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಬೆನ್ನಪ್ಪ ತನ್ನ ಬೆನ್ನು ಮುಟ್ಟಿ ನೋಡಿಕೊಂಡ. ಅವನಲ್ಲದೆ ಇನ್ನಾರೂ ಹಾಸಿಗೆ ನೋಡುವವರೇ ಇರಲಿಲ್ಲ.

"ಒಂದು ಬೀಜ ಸಿಕ್ತಿತ್ತಲ್ಲಯ್ಯಾ ನಿನಗೆ" ಎಂದರು ಸಾಹುಕಾರರು. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ಇದು ಮರ! ಒಂದು ಅಡಿ ಮರ! ಏನಾಯ್ತು ನಿನ್ನ ಬೆನ್ನಿಗೆ?"

ಬೆನ್ನಪ್ಪ ಬಾಯಿ ತೆರೆಯುವ ಮೊದಲೇ ದಬ್ಬಣದಕ್ಕ ಎಲ್ಲ ಹೇಳಿದಳು: ನೆಲ, ಟವೆಲು, ನಾಲ್ಕೂವರೆ, ಇಸ್ತ್ರಿಯವನು. ಬೀದಿಗೆಲ್ಲ ಗೊತ್ತಿದ್ದ ಸುದ್ದಿ ಕಾರ್ಖಾನೆಯ ಮಾಲೀಕರಿಗೆ ಮಾತ್ರ ತಲುಪಿರಲಿಲ್ಲ.

ಸಾಹುಕಾರರು ಕೆಟ್ಟವರಲ್ಲ. ಯೋಚಿಸಿ ಒಂದು ದಾರಿ ತೋರಿಸಿದರು. ಅಂಗಡಿಯಲ್ಲಿದ್ದದ್ದರಲ್ಲೇ ಉತ್ತಮವಾದ ಸ್ಪ್ರಿಂಗ್ ಹಾಸಿಗೆ ಇಂದು ಸಂಜೆಯೇ ಮೇಲೆ ಹೋಗುತ್ತದೆ. ಒಂದು ತಿಂಗಳು ಬೆನ್ನಪ್ಪ ಅದರ ಮೇಲೆಯೇ ಮಲಗಬೇಕು. ಬೆನ್ನು ಮೊದಲಿನಂತಾದರೆ ಏನೂ ಆಗಿಲ್ಲ ಎಂದುಕೊಳ್ಳೋಣ.

"ಆಗದಿದ್ರೆ?"

"ಹಾಸಿಗೆ ನೋಡೋಕೆ ಬೇರೆಯವರನ್ನ ಇಟ್ಕೋಬೇಕಾಗುತ್ತೆ. ಮೇಲಿನ ಮನೆ ಆ ಕೆಲಸಕ್ಕೆ ಸೇರಿದ್ದು, ಅದು ನಿನಗೂ ಗೊತ್ತು."

ಸಂಜೆ ಆ ಹಾಸಿಗೆ ಮೆಟ್ಟಿಲು ಹತ್ತಿ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತು, ದೂರದೂರಿನಿಂದ ತಮ್ಮ ಬಂದಷ್ಟು ಸಂತೋಷಪಟ್ಟಳು. ಬೆನ್ನಪ್ಪ ಊಟವಾದ ಮೇಲೆ ಎರಡು ಅಲಾರಂ ಗಡಿಯಾರಗಳನ್ನು ತಲೆಯ ಹತ್ತಿರ ಇಟ್ಟುಕೊಂಡ. ನಾಲ್ಕೂವರೆಗೆ ಎಬ್ಬಿಸಲೇಬೇಕೆಂದು ಹೆಂಡತಿಗೂ ಅತ್ತೆಗೂ ಹೇಳಿದ.

ಅವನು ಕಣ್ಣು ಬಿಟ್ಟಾಗ ಬಿಸಿಲು ಅಡುಗೆಮನೆಯವರೆಗೆ ಬಂದಿತ್ತು. ಎಂಟು ಗಂಟೆ ಹತ್ತು ನಿಮಿಷ. ಗಡಿಯಾರಗಳೆರಡೂ ಹಾಸಿಗೆಯ ಅಡಿಯಲ್ಲಿದ್ದವು. ತಾನೇ ತಳ್ಳಿದ್ದು ಅವನಿಗೆ ನೆನಪಿರಲಿಲ್ಲ.

"ಎಬ್ಬಿಸು ಅಂದಿದ್ನಲ್ಲೇ!"

"ಎಬ್ಬಿಸೋಕೆ ಬಂದಿದ್ದೆ ರೀ" ಎಂದಳು ಹೆಂಡತಿ. "ಮುಖ ನೋಡಿದೆ. ಎರಡು ವರ್ಷದಿಂದ ಆ ಮುಖ ನೋಡಿರಲಿಲ್ಲ. ಮನಸ್ಸು ಬರಲಿಲ್ಲ."

ಬೆನ್ನಪ್ಪ ಮುಖ ತೊಳೆಯದೆ ಮಂದಿರಕ್ಕೆ ಓಡಿದ. ಅಲ್ಲಿ ಕಸ ಗುಡಿಸುವ ಮುದುಕನೊಬ್ಬನೇ ಇದ್ದ.

"ಇವತ್ತು ಬರಲಿಲ್ಲ ನೀವು" ಎಂದ ಮುದುಕ.

"ನನ್ನ ಜಾಗದಲ್ಲಿ ಯಾರಾದ್ರೂ ಕೂತಿದ್ರಾ?"

"ಯಾರೂ ಕೂರಲಿಲ್ಲ. ಬೆಳಗಿನ ಜಾವ ಮಳೆ ಇತ್ತಲ್ಲ, ಜಾಗ ಖಾಲಿ ಇದೆ ಅಂತ ಎಲ್ಲ ಛತ್ರಿಗಳನ್ನ ಅಲ್ಲೇ ಇಟ್ಟಿದ್ರು."

ಮೂರನೇ ಕಂಬದ ಬುಡದ ತಿಳಿಬಣ್ಣದ ಕಲ್ಲಿನ ಮೇಲೆ ಛತ್ರಿಗಳಿಂದ ಇಳಿದ ನೀರು ಇನ್ನೂ ಒಣಗಿರಲಿಲ್ಲ. ಬೆನ್ನಪ್ಪ ಹೆಗಲ ಮೇಲಿನ ಟವೆಲು ತೆಗೆದು ಅದನ್ನು ಒರೆಸಿದ. ಇಪ್ಪತ್ತು ತಿಂಗಳು ತಲೆಗಿಟ್ಟುಕೊಂಡ ಟವೆಲು ಅದೇ. ಒರೆಸಿ, ಹಿಂಡಿ, ಮನೆಗೆ ಬಂದ. ಬರುವ ದಾರಿಯಲ್ಲಿ ಏನು ಹೇಳಬೇಕೆಂದು ಯೋಚಿಸುವ ಅಗತ್ಯ ಬೀಳಲಿಲ್ಲ.

ಸಾಹುಕಾರರು ಆಗಲೇ ಮೇಲೆ ಬಂದಿದ್ದರು. ಮೊದಲ ದಿನದ ಫಲ ನೋಡುವ ಕುತೂಹಲ. ಜೊತೆಗೆ ದಬ್ಬಣದಕ್ಕ, ಕುತೂಹಲವನ್ನು ಒಂಟಿಯಾಗಿ ಎಲ್ಲಿಗೂ ಕಳಿಸದವಳು.

"ಹೇಗಿತ್ತಯ್ಯಾ?"

"ಬಹಳ ಚೆನ್ನಾಗಿತ್ತು ಸಾಹುಕಾರ್ರೇ. ಅದಕ್ಕೇ ಬೇಡ."

"ಅಂದ್ರೆ?"

"ಇದನ್ನ ಕೆಳಗೆ ಕಳಿಸ್ತೀನಿ. ಹಾಸಿಗೆ ನೋಡೋ ಕೆಲಸ ಬೇರೆಯವರಿಗೆ ಕೊಡಿ. ನನಗೆ ಹತ್ತಿ ಹಿಂಜೋ ಯಂತ್ರದ ಹತ್ರ ನಿಲ್ಲೋಕೆ ಒಂದು ಜಾಗ ಕೊಟ್ರೆ ಸಾಕು. ನಿಂತೇ ಮಾಡ್ತೀನಿ."

ಹೆಂಡತಿ ಹೊಸ ಹಾಸಿಗೆಯ ಅಂಚನ್ನು ಒಮ್ಮೆ ಸವರಿದಳು.

"ಮನೆನೂ ಬಿಡಬೇಕಾಗುತ್ತೆ" ಎಂದರು ಸಾಹುಕಾರರು. "ಯೋಚನೆ ಮಾಡಿದೀಯಾ? ಅಮ್ಮನ ಒಂದು ಕೋಣೆಗೆ ಮೂರು ಜನ ಹೋಗ್ತೀರಾ? ಮಳೆ ಬಂದ್ರೆ ಅಲ್ಲಿ ಒಳಗೂ ಛತ್ರಿ ಬೇಕು."

"ನಮ್ಮ ಛತ್ರಿ ನಮ್ಮ ಮನೇಲಿ ಇರುತ್ತಲ್ಲ, ಅದು ಪರವಾಗಿಲ್ಲ."

ಈ ಉತ್ತರ ಯಾರಿಗೂ ಅರ್ಥವಾಗಲಿಲ್ಲ. ಹೆಂಡತಿ ಗಂಡನ ಕೈಯಲ್ಲಿದ್ದ ಒದ್ದೆ ಟವೆಲು ನೋಡಿದಳು, ಅವನ ಮುಖ ನೋಡಿದಳು. ಏನೋ ಹೇಳಲು ಹೊರಟವಳು ಟವೆಲನ್ನು ತೆಗೆದುಕೊಂಡು ಒಣಗಲು ಹಾಕಿ ಬಂದಳು.

"ನನ್ನನ್ನೂ ಒಂದು ಮಾತು ಕೇಳಬಹುದಿತ್ತು" ಎಂದು ಒಳಕೋಣೆಯಿಂದ ದನಿ ಬಂತು.

ಅತ್ತೆ ಎಂದಿನಂತೆ ತಮ್ಮ ಹಾಸಿಗೆಯ ಮೇಲೆ ಕೂತಿದ್ದರು. ಎಲ್ಲರೂ ಬಾಗಿಲಿಗೆ ಬಂದು ನಿಂತರು.

"ಇವರ ಬೆನ್ನು ಹೋಗಿದೆ ಅಂತ ನಾನು ಐದು ತಿಂಗಳಿಂದ ಹೇಳ್ತಿದೀನಿ. ನನ್ನ ಬಲ ಹೆಗಲ ಕೆಳಗೆ ಕಡಲೆಕಾಳಿನಷ್ಟು ಏನೋ ಇದೆ. ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ?"

"ಅಮ್ಮ, ಈಗ ಅದರ ಹೊತ್ತಾ?" ಎಂದಳು ಮಗಳು.

"ಹೊತ್ತು ಇದೇ. ಕತ್ತರಿ ಇರೋರು ಎದುರಿಗೇ ನಿಂತಿದಾರೆ."

ಕತ್ತರಿ ದಬ್ಬಣದಕ್ಕನ ಸೊಂಟದಲ್ಲಿ ಸದಾ ಇರುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅತ್ತೆ ತಾವಾಗಿ ಹಾಸಿಗೆಯಿಂದ ಕೆಳಗಿಳಿದರು. ಒಂದು ಬೆರಳಿಟ್ಟು ಜಾಗ ತೋರಿಸಿದರು. ದಬ್ಬಣದಕ್ಕ ಅಲ್ಲಿ ಹೊಲಿಗೆ ಬಿಚ್ಚಿ, ಕೈ ತೂರಿಸಿ, ಹತ್ತಿಯಲ್ಲಿ ತಡಕಾಡಿದಳು. ಹೊರಗೆ ಬಂದ ಅಂಗೈಯಲ್ಲಿ ನೀಲಿ ಸೀಮೆಸುಣ್ಣದ ಒಂದು ತುಣುಕಿತ್ತು.

ಬೆನ್ನಪ್ಪ ಅದನ್ನು ಕೂಡಲೇ ಗುರುತಿಸಿದ. ಮಲಗಿ ನೋಡುವಾಗ ಕೈಯಿಂದ ಜಾರಿ, ಹೊಲಿಯದೆ ಬಿಟ್ಟ ಅಂಚಿನಿಂದ ಒಳಗೆ ಹೋಗಿರಬೇಕು. ದೋಷ ಗುರುತು ಮಾಡುವ ಸೀಮೆಸುಣ್ಣವೇ ಒಳಗೆ ಕೂತು ದೋಷವಾಗಿತ್ತು.

"ಕಡಲೆಕಾಳಿಗಿಂತ ಚಿಕ್ಕದು" ಎಂದಳು ದಬ್ಬಣದಕ್ಕ.

"ಐದು ತಿಂಗಳಲ್ಲಿ ಸವೆದಿದೆ" ಎಂದರು ಅತ್ತೆ. "ಮೊದಲು ಕಡಲೆಕಾಳಿನಷ್ಟೇ ಇತ್ತು."

ಸಾಹುಕಾರರು ಸೀಮೆಸುಣ್ಣವನ್ನು ನೋಡಿದರು, ಮುದುಕಿಯನ್ನು ನೋಡಿದರು. ನಲವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ. ಸಿಕ್ಕಿದ್ದನ್ನು ನೆಲಕ್ಕೆ ಬೀಳಲು ಬಿಡುವವರಲ್ಲ.

"ಅಮ್ಮಾ, ಆಚೆ ಕೋಣೇಲಿ ಒಂದು ಸ್ಪ್ರಿಂಗ್ ಹಾಸಿಗೆ ಇದೆ. ಒಂದು ನಿಮಿಷ ಮಲಗಿ ನೋಡ್ತೀರಾ?"

ಅತ್ತೆ ನಡೆದು ಹೋಗಿ ಮಲಗಿದರು. ಎಲ್ಲರೂ ಸುತ್ತ ನಿಂತರು. ಎಡ ಮಗ್ಗುಲಾದರು, ಬಲ ಮಗ್ಗುಲಾದರು.

"ಕಾಲಿನ ಕಡೆ, ಎಡಕ್ಕೆ, ಒಂದು ಸ್ಪ್ರಿಂಗ್ ಮಿಕ್ಕವಕ್ಕಿಂತ ಸೋಮಾರಿ. ಉಳಿದದ್ದು ಸರಿ ಇದೆ. ಆದ್ರೆ ಮಲಗಿದವರನ್ನ ಎತ್ತಿ ಎತ್ತಿ ತೋರಿಸುತ್ತೆ. ಹಾಸಿಗೆಗೆ ಅಷ್ಟು ಜಂಬ ಇರಬಾರದು."

ಮಧ್ಯಾಹ್ನ ಕೆಳಗೆ ಒಯ್ದು ಬಿಚ್ಚಿ ನೋಡಿದರು. ಕಾಲಿನ ಕಡೆ, ಎಡಕ್ಕೆ, ಒಂದು ಸ್ಪ್ರಿಂಗ್ ಬಾಗಿತ್ತು. ಅಂಗಡಿಯ ಉತ್ತಮ ಹಾಸಿಗೆ ಎಂದು ಸಾಹುಕಾರರೇ ಆರಿಸಿ ಕಳಿಸಿದ್ದು ಅದು.

ಅತ್ತೆ ಕೆಲಸ ಒಪ್ಪಿಕೊಳ್ಳಲು ಎರಡು ಷರತ್ತು ಹಾಕಿದರು. ಕೈಯಲ್ಲಿ ಹಿಡಿದು ಇಳಿಯಲು ಮೆಟ್ಟಿಲಿನ ಪಕ್ಕಕ್ಕೆ ಕಟಕಟೆ ಬೇಕು. ತಾವು ಮಲಗಿರುವಾಗ ಯಾರೂ ಮಾತಾಡಬಾರದು, ಅಂದರೆ ಮಿಕ್ಕವರು. ಹಾಸಿಗೆ ನೋಡುವವರಿಗೆ ಸೇರಿದ ಎರಡು ಕೋಣೆ ಅಂದಿನಿಂದ ಅವರ ಹೆಸರಿಗಾಯಿತು. ಕೂಲಿ ಕಡಿಮೆಯಾದ, ಕುರ್ಚಿ ಇಲ್ಲದ, ಮಡಚಿದ ಟವೆಲೊಂದೇ ಆಸ್ತಿಯಾಗಿ ಉಳಿದ ಬೆನ್ನಪ್ಪ ಐವತ್ತೊಂದನೇ ವಯಸ್ಸಿನಲ್ಲಿ, ಮನೆ ಬದಲಾಯಿಸದೆಯೇ, ಮನೆಅಳಿಯನಾದ.

"ಅತ್ತೆಗೊಂದು ಕಾಲ ಅಂತಾರೆ" ಎಂದು ದಬ್ಬಣದಕ್ಕ ಕೆಣಕಿದಳು. "ಅಳಿಯನಿಗೆ ಯಾವ ಕಾಲ ಅಣ್ಣ?"

"ಬೆಳಗ್ಗೆ ಐದರಿಂದ ಐದೂವರೆ" ಎಂದ ಬೆನ್ನಪ್ಪ.

ಹೆಂಡತಿ ಇಸ್ತ್ರಿಯವನಿಂದ ಒಂದು ಹಾಸಿಗೆ ವಾಪಸು ತರಿಸಿಕೊಂಡು ಒಳಕೋಣೆಯಲ್ಲಿ ತಾಯಿಯ ಪಕ್ಕಕ್ಕೆ ಹಾಕಿದಳು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದಳು. ಬೀದಿಯ ಜನರ ಅಂಗಿಗಳು ಅರ್ಧದಷ್ಟು ಸರಿಹೋದವು.

ಕಟಕಟೆ ಕೂರಿಸಿದ ಮರುದಿನ ನಾಲ್ಕೂವರೆಗೆ ನೆಲ ಬೆನ್ನಪ್ಪನನ್ನು ಎಬ್ಬಿಸಿತು. ಅವನು ಹೋಗಿ ಮೂರನೇ ಕಂಬದ ಬುಡದಲ್ಲಿ ಕೂತು ಬಂದ. ಎಂಟಕ್ಕೆ ಯಂತ್ರದ ಮುಂದೆ ನಿಂತು ಹತ್ತಿ ಹಿಂಜಿದ. ಒಂಬತ್ತೂವರೆಗೆ ಅತ್ತೆ ಕಟಕಟೆ ಹಿಡಿದು ಇಳಿದು ಬಂದು, ಆ ಹತ್ತಿ ತುಂಬಿದ ಮೊದಲ ಹಾಸಿಗೆಯ ಮೇಲೆ ಮಲಗಿದರು; ಏಳು ನಿಮಿಷ ಬೇಕಾಗಲಿಲ್ಲ, ಎರಡೇ ನಿಮಿಷಕ್ಕೆ ಎದ್ದು ನಾಲ್ಕು ಕಡೆ ನೀಲಿ ಗುರುತು ಹಾಕಿದರು. ಬೆನ್ನಪ್ಪ ಹತ್ತಿಯನ್ನೆಲ್ಲ ಹೊರಗೆ ತೆಗೆದು ಮತ್ತೆ ಮೊದಲಿನಿಂದ ಹಿಂಜತೊಡಗಿದ.